ಓರೆಗೆ ತಿರುಗಿದ ಜಗತಿ, ಮುಂದೆ ಚಾಚಿದ ಮಂಟಪ

ಹೊಯ್ಸಳ ಗುಡಿಗಳ ಬುಡದಲ್ಲಿ ಎತ್ತರಿಸಿ ಕಟ್ಟಿದ ಕಲ್ಲಿನ ಕಟ್ಟೆಗೆ ಜಗತಿ ಎನ್ನುತ್ತಾರೆ. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಕಟ್ಟಿಸಿದ ಚೆನ್ನಕೇಶವ ಗುಡಿ ಇಂಥ ಜಗತಿಯ ಮೇಲಿದೆ. ಕೆಲವೇ ವರ್ಷಗಳ ನಂತರ ಶುರುವಾದ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯೂ ಹಾಗೆಯೇ. ಗರ್ಭಗುಡಿಯ ಸುತ್ತ ಒಳಗೆ ದಾರಿಯಿಲ್ಲದ ಕಾರಣ ಪ್ರದಕ್ಷಿಣೆ ನಡೆಯುವುದು ಈ ಕಟ್ಟೆಯ ಮೇಲೆಯೇ. ಗೋಡೆ ಮುಂದೆ ಬಂದಲ್ಲಿ ಜಗತಿಯ ಅಂಚೂ ಮುಂದೆ ಬರುತ್ತದೆ, ಒಳಸರಿದಲ್ಲಿ ತಾನೂ ಒಳಸರಿಯುತ್ತದೆ. ಹಾಗಾಗಿ ಮೇಲಿನ ಗುಡಿಯ ಆಕಾರ ಅಡಿಪಾಯದ ಹಂತದಲ್ಲೇ ತೀರ್ಮಾನವಾಗಿರಬೇಕು.

ಆ ಆಕಾರದ ಗುಟ್ಟು ಚೌಕದಲ್ಲಿದೆ. ಒಂದು ಚೌಕವನ್ನು ನಡುಬಿಂದು ಕದಲಿಸದೆ 45 ಡಿಗ್ರಿ ತಿರುಗಿಸಿ ಮೊದಲಿನದರ ಮೇಲಿಟ್ಟರೆ 8 ಮೂಲೆಯ ನಕ್ಷತ್ರ. 22.5 ಡಿಗ್ರಿಯಂತೆ ತಿರುಗಿಸುತ್ತ 4 ಚೌಕ ಇಟ್ಟರೆ 16 ಮೂಲೆ. ಎಷ್ಟು ತಿರುಗಿಸಿದರೂ ಹೊರಚಾಚಿದ ಪ್ರತಿಯೊಂದು ಮೂಲೆ ಚೌಕದ ಮೂಲೆಯೇ, ಅಂದರೆ 90 ಡಿಗ್ರಿ. ಕಲ್ಲುಕುಟಿಗನಿಗೆ ಇದು ದೊಡ್ಡ ಅನುಕೂಲ: ಹೊರಮೂಲೆಯ ಕಲ್ಲನ್ನು ಎಂದಿನ ಮಟ್ಟಗೋಲಿಗೆ ಹೊಂದಿಸಿ ಕಡೆಯಬಹುದು. ಜಾಣ್ಮೆ ಬೇಕಾಗುವುದು ಎರಡು ಚೌಕಗಳು ಸಂಧಿಸುವ ಒಳಸಂದಿಯಲ್ಲಿ. 16 ಮೂಲೆಯ ನಕ್ಷತ್ರದಲ್ಲಿ ಅಲ್ಲಿನ ಕೋನ ಹೊರಗಿನಿಂದ ಅಳೆದರೆ 112.5 ಡಿಗ್ರಿ. ಹೀಗೆ ಮಡಿಕೆಯಾದ ಗೋಡೆ ನೆಟ್ಟಗಿನ ಗೋಡೆಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಶಿಲ್ಪಗಳಿಗೆ ಹೆಚ್ಚು ಮುಖಗಳೂ ಸಿಗುತ್ತವೆ, ಬಿಸಿಲು ಒಂದೊಂದು ಮುಖದ ಮೇಲೆ ಒಂದೊಂದು ಬಗೆಯಲ್ಲಿ ಬೀಳುತ್ತದೆ.

ಬೇಲೂರಿನಲ್ಲಿ ಈ ಲೆಕ್ಕ ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ವಿಮಾನದ, ಅಂದರೆ ಗರ್ಭಗುಡಿಯ ಕಟ್ಟಡದ, ಮೂರು ಬದಿಗೆ ಚಾಚಿದ ಗೂಡುಗಳು ನಕ್ಷತ್ರವನ್ನು ಅಲ್ಲಲ್ಲಿ ಮುರಿಯುತ್ತವೆ. ಮೊದಲು ತೆರೆದಿದ್ದ ಮಂಟಪದ ಕಂಬಗಳ ನಡುವೆ ಆಮೇಲೆ ಜಾಲಂಧ್ರಗಳು, ಅಂದರೆ ತೂತು ಕೊರೆದ ಕಲ್ಲಿನ ಪರದೆಗಳು, ಬಂದವು. ಕಟ್ಟಡದ ಹಂದರ ಅರಿಯಬೇಕೆಂದರೆ ಅರಸೀಕೆರೆಗೇ ಹೋಗುವುದು ಒಳ್ಳೆಯದು.

ಸುಮಾರು 1220ರ ಅಲ್ಲಿನ ಈಶ್ವರ ಗುಡಿ ಗಾತ್ರದಲ್ಲಿ ಸಾಧಾರಣ, ನಕ್ಷೆಯಲ್ಲಿ ಮಾತ್ರ ತೀರ ತೊಡಕು. ಗರ್ಭಗುಡಿಯ ಹೊರಗೋಡೆಯ ನಕ್ಷತ್ರದಲ್ಲಿ ಮೂರು ಬಗೆಯ ಮೂಲೆಗಳು ಬೆರೆತಿವೆ. ಮುಚ್ಚಿದ ಮಂಟಪವಾದ ನವರಂಗದ ಮುಂದೆ 16 ಮೂಲೆಯ ತೆರೆದ ಮುಖಮಂಟಪ ಚಾಚಿಕೊಂಡಿದೆ. ಅದರ ಒಂದು ಬದಿ ನವರಂಗಕ್ಕೆ ಕೂಡಿಕೊಂಡಿರುವುದರಿಂದ ನಕ್ಷತ್ರದ ಸುತ್ತು ಅಲ್ಲಿ ತುಂಡಾಗುತ್ತದೆ. ಚೌಕ ಗೋಡೆಗೆ ಗುಂಡನೆಯ ಕಟ್ಟೆಯನ್ನು ಬೆಸೆಯುವಾಗ ಇದು ತಪ್ಪಿದ್ದಲ್ಲ.

ಇಂಥ ಮಂಟಪದಲ್ಲಿ ನೆಲ ಎತ್ತರದಲ್ಲಿದ್ದು, ಅಂಚಿನುದ್ದಕ್ಕೂ ಗಿಡ್ಡ ಗೋಡೆಗೆ ಆತುಕೊಂಡ ಕಲ್ಲಿನ ಆಸನ ಇರುತ್ತದೆ. ಭಾರ ಹೊರುವುದು ಕಂಬಗಳು. ತೊಲೆಗಳು ಕಂಬದಿಂದ ಕಂಬಕ್ಕೆ ದಿಕ್ಕು ಬದಲಿಸುತ್ತ ಸಾಗಬೇಕಲ್ಲ, ಆ ತಿರುವು ಆಗುವುದು ಕಂಬದ ನೆತ್ತಿಯ ಬೋದಿಗೆಯ ಮೇಲೆ. ಓರೆಯಾಗಿ ಬರುವ ಎರಡು ತೊಲೆಗಳ ತುದಿಗೂ ಅದು ಒರಗಲು ಜಾಗ ಕೊಡುತ್ತದೆ. ಕಂಬಗಳ ನಡುವಿನ ಅಂಕಣ ಚೌಕವಾದರೆ ಅದರ ಮಾಡಿಗೆ ನಾಲ್ಕು ಮೂಲೆಗೆ ಅಡ್ಡಗಲ್ಲು ಹಾಸಿ ಎಂಟು ಬದಿ ಮಾಡುತ್ತಾರೆ. ವರಸೆ ಏರಿದಂತೆ ಕಲ್ಲುಗಳು ಒಳಕ್ಕೆ ಚಾಚುತ್ತ ಗುಮ್ಮಟದಂಥ ಭುವನೇಶ್ವರಿಯಾಗಿ ಮುಗಿಯುತ್ತವೆ. ಇದು ನಿಜವಾದ ಕಮಾನಲ್ಲ: ಪ್ರತಿ ವರಸೆಯನ್ನೂ ಮೇಲಿನ ಭಾರ ಅದುಮಿ ಹಿಡಿದಿರುತ್ತದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿರುಸಾಗುವ ಬಳಪದ ಕಲ್ಲು ಇಷ್ಟು ನಿಖರವಾದ ಕೂಡುಗೆಗೆ ಒದಗಿತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಸೀಕೆರೆ ಅದರಲ್ಲಿಲ್ಲ.