ಹೊತ್ತು ಹೆತ್ತವಳಿಗೆ ಏನು ದಕ್ಕಿತು?

1990ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಗಂಡುಮಗು ಹುಟ್ಟಿತು. ಹೆತ್ತವಳು ಕಪ್ಪು ವರ್ಣದ ನರ್ಸ್. ಅಂಡಾಣು ಫಿಲಿಪೀನ್ಸ್ ಮೂಲದ ಹೆಂಡತಿಯದು, ವೀರ್ಯ ಆಕೆಯ ಬಿಳಿಯ ಗಂಡನದು. ಹೊತ್ತು ಹೆತ್ತುಕೊಟ್ಟರೆ ಹತ್ತು ಸಾವಿರ ಡಾಲರ್ ಎಂದು ಒಪ್ಪಂದವಾಗಿತ್ತು. ಬಸಿರಿದ್ದಾಗಲೇ ಮನಸ್ತಾಪ ಬೆಳೆಯಿತು. ಮಗುವಿನ ತಾಯಿ ನಾನೇ ಎಂದು ಹೆತ್ತವಳು ಕೋರ್ಟಿಗೆ ಹೋದಳು. ವಿಚಾರಣೆ ನಡೆಸಿದ ನ್ಯಾಯಾಧೀಶರು ಆಕೆಯನ್ನು ಕೆಲಕಾಲ ಮಗುವನ್ನು ನೋಡಿಕೊಂಡು ಒಪ್ಪಿಸುವ ಸಾಕುತಾಯಿಗೆ ಹೋಲಿಸಿದರು. 1993ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ದಂಪತಿಯ ಪರವಾಗಿ ತೀರ್ಪು ಕೊಟ್ಟಿತು. ಮಗುವನ್ನು ಹುಟ್ಟಿಸಿ ತನ್ನದಾಗಿ ಬೆಳೆಸುವ ಉದ್ದೇಶದಿಂದ ಇದಕ್ಕೆಲ್ಲ ಮೊದಲಿಟ್ಟವಳೇ ಕಾನೂನಿನ ಕಣ್ಣಲ್ಲಿ ತಾಯಿ ಎಂಬುದು ಅದರ ವಾದ. ಭಿನ್ನಮತ ಬರೆದವರು ಒಬ್ಬರೇ. ಆ ಪೀಠದಲ್ಲಿದ್ದ ಏಕೈಕ ಮಹಿಳೆ, ನ್ಯಾಯಮೂರ್ತಿ ಜಾಯ್ಸ್ ಕೆನಾರ್ಡ್. ಬಸುರಿ ಹೆಂಗಸನ್ನು ಬರೀ ಪಾತ್ರೆಯಂತೆ ಕಾಣಬಾರದು ಎಂದು ಅವರು ಬರೆದರು.

ಇದಕ್ಕೂ ಐದು ವರ್ಷ ಮೊದಲು ಅಮೆರಿಕದ ಇನ್ನೊಂದು ಕೋರ್ಟ್ ಬೇರೆಯದೇ ಮಾತು ಹೇಳಿತ್ತು. 'ಬೇಬಿ ಎಂ' ಪ್ರಕರಣದಲ್ಲಿ ಬಾಡಿಗೆ ತಾಯಿ ಬಿಳಿಯಳು, ಅಂಡಾಣುವೂ ಅವಳದೇ. ದುಡ್ಡು ಕೊಟ್ಟು ಮಗು ಪಡೆಯುವ ಒಪ್ಪಂದ ಊರ್ಜಿತವಲ್ಲ ಎಂದು 1988ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಮಗು ತಂದೆಯ ಬಳಿ ಉಳಿದರೂ ಹೆತ್ತವಳ ತಾಯ್ತನ ಅಳಿಯಲಿಲ್ಲ. ಈ ದಂಧೆಗೆ ಇದರಿಂದ ಒಂದು ಪಾಠ ಸಿಕ್ಕಿತು: ಹೊರುವವಳ ಅಂಡಾಣು ಬೇಡ. ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವ ಐವಿಎಫ್ ವಿದ್ಯೆ ಆಗಲೇ ಕೈಗೆ ಬಂದಿತ್ತು. ಅಂಡಾಣು ಒಬ್ಬಳದು, ಗರ್ಭಕೋಶ ಇನ್ನೊಬ್ಬಳದು ಎಂದಾದ ಮೇಲೆ ಹೊರುವವಳ ಮೈಬಣ್ಣ ಯಾವುದಾದರೂ ನಡೆಯುತ್ತಿತ್ತು. ಮಗುವಿನ ಮುಖದಲ್ಲಿ ಅವಳ ಗುರುತು ಇರುವುದಿಲ್ಲವಲ್ಲ. ಸಂತಾನೋತ್ಪತ್ತಿಯ ಹೊಸ ತಂತ್ರಗಳು ಹಳೆಯ ವರ್ಣಭೇದವನ್ನು ಹೇಗೆ ಹೊತ್ತು ಬಂದವು ಎಂಬುದನ್ನು ಕಾನೂನು ವಿದ್ವಾಂಸೆ ಡಾರೊಥಿ ರಾಬರ್ಟ್ಸ್ 1997ರ ತಮ್ಮ 'ಕಿಲ್ಲಿಂಗ್ ದ ಬ್ಲ್ಯಾಕ್ ಬಾಡಿ' ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ.

ಹೊರುವವಳು ಯಾವ ಬಣ್ಣದವಳಾದರೂ ಆದೀತು ಎಂದಮೇಲೆ ಅವಳು ಯಾವ ದೇಶದವಳಾದರೂ ಆದೀತು. ಭಾರತ ಈ ವ್ಯವಹಾರಕ್ಕೆ ಬಾಗಿಲು ತೆರೆದದ್ದು ಹೀಗೆ. 2004ರಲ್ಲಿ ಗುಜರಾತಿನ ಆಣಂದದಲ್ಲಿ ಅಜ್ಜಿಯೊಬ್ಬರು ತಮ್ಮ ಮಗಳಿಗಾಗಿ ಅವಳಿಮಕ್ಕಳನ್ನು ಹೆತ್ತರು. ಅದನ್ನು ಮಾಡಿಸಿದ ವೈದ್ಯೆ ಡಾ. ನಯನಾ ಪಟೇಲ್ ಅವರ ಆಸ್ಪತ್ರೆ 2007ರಲ್ಲಿ ಓಪ್ರಾ ವಿನ್‌ಫ್ರೇ ಅವರ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ವಿದೇಶಿ ದಂಪತಿಗಳು ಬರತೊಡಗಿದರು. ಅಂಡಾಣು ಕೊಟ್ಟವಳು ಅದೇ ದಂಪತಿಗೆ ಬಾಡಿಗೆ ತಾಯಿಯಾಗಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2005ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಅಮೆರಿಕ ಕಲಿತ ಪಾಠ ನಮ್ಮಲ್ಲಿ ನಿಯಮವೇ ಆಯಿತು. ಅಂಡಾಣು ಆರಿಸುವಾಗ ಬಣ್ಣ, ಓದು, ಮನೆತನ ಎಲ್ಲವನ್ನೂ ವಿಚಾರಿಸುವ ಜನ, ಹೊರುವವಳ ವಿಷಯದಲ್ಲಿ ಕೇಳಿದ್ದು ಆರೋಗ್ಯ ಮತ್ತು ವಿಧೇಯತೆಯನ್ನು. ಅಡುಗೆಮನೆಯೊಳಗೆ ಬಿಟ್ಟುಕೊಳ್ಳದ ಜಾತಿಯವಳ ಗರ್ಭ ಮಾತ್ರ ಸಲ್ಲುತ್ತಿತ್ತು. ಈ ಲೆಕ್ಕಾಚಾರ ನನಗೆ ಇಂದಿಗೂ ಅರಗುವುದಿಲ್ಲ.

ಈ ದಂಧೆಯ ಬೆಂಗಳೂರಿನ ಕಥೆಯನ್ನು ಬರೆದವರು ಟೆಕ್ಸಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪ. ಅವರ 'ಡಿಸ್ಕೌಂಟೆಡ್ ಲೈಫ್' 2015ರಲ್ಲಿ ಬಂತು. ಅದರಲ್ಲಿರುವ ಬಾಡಿಗೆ ತಾಯಂದಿರಲ್ಲಿ ಬಹಳ ಮಂದಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವರು. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್, ಸೂಪರ್‌ವೈಸರ್ ಬೈಗುಳ, ಮೂತ್ರಕ್ಕೆ ಹೋಗಲೂ ಅಂಜಿಕೆ, ಕೊನೆಗೆ ತಿಂಗಳು ದಾಟದ ಸಂಬಳ. ಇಂಥ ಕೆಲಸಕ್ಕೆ ಹೋಲಿಸಿದರೆ ಮಗು ಹೆತ್ತುಕೊಡುವುದರಲ್ಲಿ ಹೆಚ್ಚು ಅರ್ಥವಿದೆ ಎಂದೇ ಆ ಹೆಂಗಸರು ಹೇಳಿದ್ದರು. ಅವರನ್ನು ಬರೀ ಮೋಸಹೋದವರೆಂದು ಕಾಣುವುದು ತಪ್ಪು. ಹಾಗೆಂದು ಎಲ್ಲವೂ ಸರಿಯಿತ್ತೆಂದೂ ಅಲ್ಲ. ಹೆರಿಗೆಗಳು ಬಹುಪಾಲು ಸಿಸೇರಿಯನ್. ಮಗು ಯಾರದೋ ತೋಳಿಗೆ ಹೋದಮೇಲೆ ಹೊಟ್ಟೆಯ ಹೊಲಿಗೆಯೊಡನೆ ಉಳಿದವಳಿಗೆ ಬಾಣಂತನ ಮಾಡುವವರು ಯಾರು ಎಂಬುದು ಯಾವ ಒಪ್ಪಂದದ ಚಿಂತೆಯೂ ಆಗಿರಲಿಲ್ಲ.

ಹೆತ್ತವಳೇ ತಾಯಿ ಎಂದು ನಮ್ಮ ಒಂದು ಹೈಕೋರ್ಟ್ ಹೇಳಿದ್ದುಂಟು. 2008ರಲ್ಲಿ ಜರ್ಮನ್ ದಂಪತಿಗಾಗಿ ಆಣಂದದಲ್ಲಿ ಅವಳಿಗಳು ಹುಟ್ಟಿದವು. ಜರ್ಮನಿ ಬಾಡಿಗೆ ತಾಯ್ತನವನ್ನು ಒಪ್ಪದ ಕಾರಣ ಆ ಮಕ್ಕಳಿಗೆ ಯಾವ ದೇಶವೂ ಇಲ್ಲದಂತಾಯಿತು. ಮಕ್ಕಳನ್ನು ಹೆತ್ತವಳು ಭಾರತೀಯಳು, ಆದ್ದರಿಂದ ಮಕ್ಕಳೂ ಭಾರತೀಯರು ಎಂದು 2009ರಲ್ಲಿ ಗುಜರಾತ್ ಹೈಕೋರ್ಟ್ ಆದೇಶಿಸಿತು. ಪಾಸ್‌ಪೋರ್ಟಿನ ತೊಡಕು ಬಿಡಿಸಲು ಅವಳ ತಾಯ್ತನ ನೆನಪಾಯಿತು, ಅಷ್ಟೇ. ಮಕ್ಕಳು ಕೊನೆಗೆ ಜರ್ಮನಿಗೇ ಹೋದವು.

ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಮದುವೆಯಾಗಿ ಎರಡು ವರ್ಷವಾದ ಗಂಡುಹೆಣ್ಣಿನ ಜೋಡಿಗೆ ಮಾತ್ರ ವೀಸಾ ಎಂದು 2012ರಲ್ಲಿ ಗೃಹ ಸಚಿವಾಲಯ ಹೇಳಿತು. 2015ರಲ್ಲಿ ವಿದೇಶಿಯರಿಗೆ ಪೂರ್ತಿ ನಿಷೇಧ ಬಂತು. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ ದುಡ್ಡಿನ ವ್ಯವಹಾರವನ್ನೇ ಅಪರಾಧವಾಗಿಸಿತು. ವಿವಾಹಿತ ದಂಪತಿಗೆ ಅವಕಾಶವಿದೆ. ಒಂಟಿ ಹೆಂಗಸರಲ್ಲಿ 35ರಿಂದ 45 ವರ್ಷದೊಳಗಿನ ವಿಧವೆಯರಿಗೆ, ವಿಚ್ಛೇದಿತೆಯರಿಗೆ ಮಾತ್ರ. ಮದುವೆಯಾಗದವಳಿಗೆ, ಒಂಟಿ ಗಂಡಸಿಗೆ, ಸಲಿಂಗಿ ಜೋಡಿಗೆ ಇಲ್ಲ. ಹೊರುವವಳು ಮದುವೆಯಾಗಿ ಸ್ವಂತ ಮಗುವಿರುವ, 25ರಿಂದ 35 ವರ್ಷದ ಹೆಂಗಸಾಗಿರಬೇಕು. ಅದೂ ಬದುಕಿನಲ್ಲಿ ಒಮ್ಮೆ ಮಾತ್ರ.

ಅವಳಿಗೆ ಸಿಗುವುದು ವೈದ್ಯಕೀಯ ಖರ್ಚು, ನಿಯಮಗಳು ಒಪ್ಪುವ ಇತರ ವೆಚ್ಚ ಮತ್ತು 36 ತಿಂಗಳ ವಿಮೆ. ವೈದ್ಯರಿಗೆ ಫೀಸು, ಆಸ್ಪತ್ರೆಗೆ ಬಿಲ್ಲು, ವಕೀಲರಿಗೆ ಸಂಭಾವನೆ ಸಲ್ಲುತ್ತದೆ. ಇಷ್ಟೆಲ್ಲ ಜನರ ನಡುವೆ ಒಂಬತ್ತು ತಿಂಗಳು ದುಡಿದವಳೊಬ್ಬಳೇ ಪುಕ್ಕಟೆ ಕೊಡಬೇಕು. ಪುಣ್ಯದ ಹೆಸರಲ್ಲಿ ಹೆಣ್ಣಿನಿಂದ ಕೆಲಸ ತೆಗೆಸಿಕೊಳ್ಳುವುದು ನಮ್ಮ ಮನೆಗಳಿಗೆ ಹೊಸದಲ್ಲ, ಈಗ ಕಾಯ್ದೆಯೂ ಅದನ್ನೇ ಕೇಳುತ್ತಿದೆ. ಮಗುವಿಲ್ಲದ ಅತ್ತಿಗೆಗಾಗಿ ನಾದಿನಿ ಒಪ್ಪಿದಾಗ, ಅವಳಿಗೆ ಒಲ್ಲೆ ಎನ್ನುವ ದಾರಿ ಮನೆಯೊಳಗೆ ಎಷ್ಟು ತೆರೆದಿತ್ತೆಂದು ಕೇಳುವವರಿಲ್ಲ. ಗಾರ್ಮೆಂಟ್ಸ್ ಬಿಟ್ಟು ಈ ದಾರಿ ಹಿಡಿದಿದ್ದವಳಿಗೆ ಆ ಹಣವೂ ಹೋಯಿತು. ಹಿಂದಿರುಗಿದ ಫ್ಯಾಕ್ಟರಿಯಲ್ಲಿ ಟಾರ್ಗೆಟ್ ಹಾಗೇ ಇದೆ.