ಆಲೂಗೆಡ್ಡೆ ಬೇಸಾಯ: ತಳಿಯ ಲೆಕ್ಕ ಮತ್ತು ಮಳೆಯ ಲೆಕ್ಕ

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದಲ್ಲಿ ಹುಟ್ಟಿದ ಆಲೂಗೆಡ್ಡೆ ಪೋರ್ಚುಗೀಸರ ಮೂಲಕ ಭಾರತದ ಪಶ್ಚಿಮ ಕರಾವಳಿಗೆ ಬಂದಿತು. ‘ಬಟಾಟೆ’ ಎಂಬ ಹೆಸರು ಆ ದಾರಿಯನ್ನು ಇಂದಿಗೂ ಸೂಚಿಸುತ್ತದೆ. ರಾಗಿ, ಜೋಳಗಳಷ್ಟು ಹಳೆಯದಲ್ಲದ ಈ ಬೆಳೆಗೂ ರೈತರು ಮಳೆನಕ್ಷತ್ರಗಳ ಹಳೆಯ ಲೆಕ್ಕವನ್ನೇ ಅನ್ವಯಿಸಿಕೊಂಡಿದ್ದಾರೆ. ಹಾಸನ ಸೀಮೆಯಲ್ಲಿ ಕೃತ್ತಿಕೆ, ರೋಹಿಣಿ ಮಳೆಗಳ ಹದದಲ್ಲಿ ಇದರ ಬಿತ್ತನೆ ನಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಕೊಳವೆಬಾವಿಯ ಆಸರೆಯಿಂದ ಹಿಂಗಾರಿನಲ್ಲಿಯೂ ಬೆಳೆಯಲಾಗುತ್ತದೆ.

ಮಳೆಯ ಲೆಕ್ಕ ತಳಿಯ ಲೆಕ್ಕದೊಡನೆ ಕೂಡಿದಾಗ ಮಾತ್ರ ಫಲ ದೊರೆಯುತ್ತದೆ. 1949ರಲ್ಲಿ ಪಾಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರಗೊಂಡ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಕುಫ್ರಿ ಚಂದ್ರಮುಖಿ ಸುಮಾರು 80-90 ದಿನಗಳಲ್ಲಿ ಮಾಗುತ್ತದೆ. ಕುಫ್ರಿ ಜ್ಯೋತಿ ಮಧ್ಯಮಾವಧಿಯದು. ಕುಫ್ರಿ ಸಿಂಧೂರಿ ದೀರ್ಘಾವಧಿಯದು. ಅಲ್ಪಾವಧಿ ತಳಿಗೆ ಗೊಬ್ಬರ ಮತ್ತು ನೀರು ಆರಂಭದಲ್ಲಿಯೇ ಒದಗಬೇಕು. ತಡವಾದರೆ ಸರಿದೂಗಿಸಲು ಅವಕಾಶವಿಲ್ಲ. ಸಿಂಧೂರಿ ನೀರಿನ ಕೊರತೆಯನ್ನು ಒಂದಿಷ್ಟು ತಾಳಿಕೊಳ್ಳಬಲ್ಲದು. 1998ರಲ್ಲಿ ಬಿಡುಗಡೆಯಾದ ಕುಫ್ರಿ ಚಿಪ್ಸೋನಾ-1ರಂತಹ ಸಂಸ್ಕರಣಾ ತಳಿಗಳಿಗೆ ಉತ್ತರದ ಬಯಲುಸೀಮೆಯಲ್ಲಿ ಹೆಕ್ಟೇರಿಗೆ 270 ಕಿ.ಗ್ರಾಂ ಸಾರಜನಕದ ಶಿಫಾರಸಿದೆ. ಅಡುಗೆಯ ತಳಿಗಳಿಗೆ ಅಲ್ಲಿ 180 ಕಿ.ಗ್ರಾಂ. ಇವು ನೀರಾವರಿಯ ಮೆಕ್ಕಲು ಮಣ್ಣಿನ ಪ್ರಮಾಣಗಳೇ ಹೊರತು ಮಳೆಯಾಶ್ರಿತ ಕೆಂಪು ಮಣ್ಣಿನವಲ್ಲ.

ಎಲ್ಲ ತಳಿಗಳಿಗೂ ಸಮಾನವಾದ ಕೆಲವು ಅಂಶಗಳಿವೆ. ಆಲೂಗೆಡ್ಡೆಯ ಬೇರು ಆಳಕ್ಕಿಳಿಯುವುದಿಲ್ಲ. ಆದ್ದರಿಂದ ಮೇಲ್ಮಣ್ಣಿನ ತೇವವೇ ನಿರ್ಣಾಯಕ. ಗೆಡ್ಡೆ ಕಟ್ಟುವ ಹಂತದಲ್ಲಿ ತೇವ ತಪ್ಪಿದರೆ ಇಳುವರಿ ಕುಸಿಯುತ್ತದೆ; ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಕೊಯ್ಲಿಗೆ ಸುಮಾರು ಹತ್ತು ದಿನ ಮೊದಲು ನೀರು ನಿಲ್ಲಿಸಿದರೆ ಸಿಪ್ಪೆ ಗಟ್ಟಿಯಾಗುತ್ತದೆ. ಕೊಟ್ಟಿಗೆ ಗೊಬ್ಬರ, ರಂಜಕ, ಪೊಟ್ಯಾಷ್‌ಗಳನ್ನು ಬಿತ್ತನೆಯ ವೇಳೆಗೆ ಮಣ್ಣಿಗೆ ಸೇರಿಸಿ, ಸಾರಜನಕವನ್ನು ಎರಡು ಕಂತುಗಳಲ್ಲಿ, ಎರಡನೆಯದನ್ನು ಮಣ್ಣು ಏರಿಸುವಾಗ, ಕೊಡುವುದು ರೂಢಿಯ ಕ್ರಮ.

ಹಾಸನದ ಮಟ್ಟಿಗೆ ಸಾರಜನಕದ ಅತಿಬಳಕೆ ಕೇವಲ ಖರ್ಚಿನ ಪ್ರಶ್ನೆಯಲ್ಲ. ಅದರಿಂದ ಎಲೆ ಸೊಂಪಾಗಿ ಬೆಳೆದು ಗೆಡ್ಡೆ ಕಟ್ಟುವುದು ತಡವಾಗುತ್ತದೆ. ದಟ್ಟ ಎಲೆಗಳ ನಡುವೆ ಮುಂಗಾರಿನ ತೇವ ಆರದೆ ಅಂಗಮಾರಿ ರೋಗಕ್ಕೆ ಅನುಕೂಲವಾಗುತ್ತದೆ. 1968ರಲ್ಲಿ ರೋಗನಿರೋಧಕ ತಳಿಯೆಂದು ಬಿಡುಗಡೆಯಾದ ಜ್ಯೋತಿಯೂ ಕಾಲಕ್ರಮದಲ್ಲಿ ಆ ಶಕ್ತಿಯನ್ನು ಕಳೆದುಕೊಂಡಿತು. ಬಿತ್ತನೆ ಗೆಡ್ಡೆಯನ್ನು ಪಂಜಾಬಿನಿಂದ ತರಿಸಿ ಬಿತ್ತುವ ರೈತನಿಗೆ ಬೆಳೆ ಕೈಕೊಟ್ಟರೆ ಬೀಜದ ಸಾಲವೂ ಉಳಿಯುತ್ತದೆ. ಬಿತ್ತನೆಗೆ ಹದ ನೋಡುವ ಜನಪದರ ವಿವೇಕವನ್ನು ಗೊಬ್ಬರದ ಪ್ರಮಾಣಕ್ಕೂ ವಿಸ್ತರಿಸುವುದು, ಅಂದರೆ ತಳಿಯ ಅವಧಿ, ಮಣ್ಣು, ಮಳೆ ಮೂರನ್ನೂ ಒಟ್ಟಿಗೆ ನೋಡಿ ಗೊಬ್ಬರ ನಿರ್ಧರಿಸುವುದು, ಈ ಹಿನ್ನೆಲೆಯಲ್ಲಿ ಅಗತ್ಯವಾಗಿದೆ.