ಹುಡುಗನ ಪಟ್ಟಿ

ಈ ಸಲದ, ಅಂದರೆ 2025ರ, ಕಡಲೇಕಾಯಿ ಪರಿಷೆಯಲ್ಲಿ ಒಬ್ಬ ಹುಡುಗ ಸಿಕ್ಕಿದ್ದ. ಕಾರ್ಪೊರೇಟರ್ ಚುನಾವಣೆಗೆ ನಿಲ್ತಾನಂತೆ. ವಯಸ್ಸು 25. ನಿಲ್ಲೋಕೆ 21 ಸಾಕು. 'ಕಾರ್ಪೊರೇಟರ್‌ಗೆ ಎಷ್ಟು ಸಲ ಓಟು ಹಾಕಿದೀಯಪ್ಪ?' ಅಂದೆ. ಒಂದು ಸಲವೂ ಇಲ್ಲ!

ಹಾಕೋದು ಎಲ್ಲಿಂದ? ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ 198 ಸದಸ್ಯರ ಅವಧಿ ಮುಗೀತು, ಆಡಳಿತಾಧಿಕಾರಿ ಬಂದು ಕೂತರು. ಅವಧಿ ಮುಗಿಯೋ ಮೊದಲೇ ಚುನಾವಣೆ ಆಗಬೇಕು ಅನ್ನುತ್ತೆ ಸಂವಿಧಾನದ 243ಯು ವಿಧಿ. ಬಿಜೆಪಿ ಸರ್ಕಾರ ಇದ್ದಾಗಲೂ ಆಗಲಿಲ್ಲ, ಕಾಂಗ್ರೆಸ್ ಬಂದ ಮೇಲೂ ಆಗಿಲ್ಲ. ಈಗ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾಗಿವೆ. ಬೋರ್ಡು ಬದಲಾಯ್ತು, ಅಷ್ಟೇ.

ಹುಡುಗ ತನ್ನ ಆದ್ಯತೆಗಳ ಪಟ್ಟಿ ತೋರಿಸಿದ. ನೀರು, ಕರೆಂಟು, ಬಸ್ಸು ಮೇಲಿದ್ದವು. ನೋಡಿ, ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು. ಇವರ್ಯಾರೂ ಕಾರ್ಪೊರೇಟರ್‌ಗೆ ಉತ್ತರ ಕೊಡಬೇಕಿಲ್ಲ. ಕಸವನ್ನೂ ಪ್ರತ್ಯೇಕ ಕಂಪನಿಗೆ ಕೊಟ್ಟಾಗಿದೆ. ಕೈಗೆ ಸಿಗೋದು ಫುಟ್‌ಪಾತು, ಚರಂಡಿ, ಬೀದಿದೀಪ, ಪಾರ್ಕು. ಬಸವನಗುಡಿಯ ಹಿರಿಯರು ಬಿದ್ದು ಕಾಲು ಮುರ್ಕೊಳ್ಳೋದು ಆ ಫುಟ್‌ಪಾತಿನ ಮೇಲೇ ತಾನೇ?

ಪಟ್ಟಿಯ ಕಟ್ಟಕಡೆಗೆ ಒಂದು ಸಾಲಿತ್ತು: ತಿಂಗಳಿಗೊಮ್ಮೆ ವಾರ್ಡ್ ಸಮಿತಿ ಸಭೆ, ಕಾಮಗಾರಿ ಬಿಲ್ ಜನರ ಮುಂದೆ ಓದೋದು. ಗುತ್ತಿಗೆದಾರ ಯಾವ ಕಲ್ಲು ಹಾಕಿದ, ಎಷ್ಟು ದುಡ್ಡು ತಗೊಂಡ ಅಂತ ಬೀದಿಯವರಿಗೇ ಗೊತ್ತಾಗುತ್ತೆ. 'ಇದನ್ನೇ ಮೊದಲು ಬರಿ' ಅಂದೆ.

'ಅದಕ್ಕೆ ಓಟು ಬೀಳಲ್ಲ ಸಾರ್' ಅಂದ.